ಕೆಂಪು ಲೋಳೆಯ ಬಾವಿ

ಮೊನ್ನೆ ನಮ್ಮ ಮನೆಯ ಪೈಪು ಕಟ್ಟಿಕೊಂಡಿತ್ತು. ಪ್ಲಂಬರ್ ಹುಡುಗ ಬಂದು ಅದನ್ನು ಬಿಚ್ಚಿ, ಒಳಗಿನ ಕಿತ್ತಳೆ ಬಣ್ಣದ ಲೋಳೆಯನ್ನು ಬೆರಳಿನಿಂದ ಎಳೆದು ತೆಗೆದು ಮೂಗು ಮುಚ್ಚಿಕೊಂಡ. ಕೊಳೆತ ಮೊಟ್ಟೆಯ ವಾಸನೆ, ಅದರ ಬೆನ್ನಿಗೇ ತುಕ್ಕಿನ ವಾಸನೆ.

"ಮೇಡಂ, ಇದು ಪಕ್ಕಾ ಪಾಯಿಸನ್ ನೋಡ್ರಿ. ಇಂಥಾ ನೀರು ಕುಡದ್ರ ಮನಷ್ಯಾ ಉಳೀತಾನೇನ್ರಿ?" ಅಂದ.

"ಇಪ್ಪತ್ತು ವರ್ಷ ಇಂಥಾದ್ದನ್ನ ಕುಡದು ಬೆಳದೀನಿ ತಮ್ಮಾ. ಇನ್ನೂ ಸತ್ತಿಲ್ಲ" ಅಂದೆ.

ಅವನು ನಂಬಲಿಲ್ಲ. ನಂಬದಿದ್ದರೆ ಬಿಡಲಿ, ಆ ಮಾತನ್ನು ನಂಬಿಸುವುದಕ್ಕೆ ನಾನು ಒಮ್ಮೆ ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಮಳೆಗಾಲ ಪೂರ್ತಿ ಎದುರು ಬಂದು ನಿಂತಿತು. ಇಷ್ಟು ವರ್ಷವಾದರೂ ನನ್ನ ಸಿಟ್ಟು ಆರಿಲ್ಲ ಅನ್ನುವುದು ಆಗ ಗೊತ್ತಾಯಿತು. ಆರಬೇಕಾದ ಸಿಟ್ಟೂ ಅಲ್ಲ ಅದು.

ಅದು ಅದಿರಿನ ಕಾಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಕೇರಿ. ಲಾರಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಹಗಲಿರುಳು ಓಡುತ್ತಿದ್ದವು. ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಬೆಳಿಗ್ಗೆ ಒಣ ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು. ಎಲೆ ಅಡಿಕೆ ಹಾಕದವರು ಉಗುಳಿದರೂ ಕೆಂಪು. ಕೇರಿಗೆ ಆತುಕೊಂಡೇ ಅದಿರು ರಾಶಿ ಹಾಕುವ ಒಂದು ಯಾರ್ಡು ಎದ್ದಿತ್ತು. ನಮ್ಮವ್ವ ಹುಲಿಗೆವ್ವ ಮತ್ತು ಕೇರಿಯ ಹೆಂಗಸರು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ಅದಿರಿನಿಂದ ಕಲ್ಲು ಆರಿಸುತ್ತಿದ್ದರು. ನಾನು ಸೂಕ್ಷ್ಮಜೀವಿಗಳ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ. ಗೆಸ್ಟ್ ಅಂದರೆ ಗೊತ್ತಲ್ಲ, ಬಾ ಅಂದಾಗ ಬರಬೇಕು, ಹೋಗು ಅಂದಾಗ ಹೋಗಬೇಕು. ಊಟ ಮಾತ್ರ ಹಾಕುವುದಿಲ್ಲ.

ನಮ್ಮ ಕೇರಿಗೊಂದು ಬಾವಿ. ಊರ ಬಾವಿಯ ಹತ್ತಿರ ನಮ್ಮನ್ನು ಬಿಟ್ಟುಕೊಳ್ಳದ ಕಾಲದಲ್ಲಿ ನಮ್ಮಜ್ಜ ಮತ್ತು ಅವನ ಜೊತೆಗಾರರು ಆ ಕಬ್ಬಿಣದಂಥ ನೆಲವನ್ನು ಹಾರೆ ಹಿಡಿದು ಕಡಿದು ತೋಡಿದ್ದು. ಕಬ್ಬಿಣದಂಥ ನೆಲವೇನು, ಕಬ್ಬಿಣದ್ದೇ ನೆಲ. ನೀರಿನ ಅಂಚಿಗೆ, ಕಲ್ಲಿನ ಸಂದುಗಳಿಗೆ ಕೆಂಪು ಲೋಳೆ ಕಟ್ಟುತ್ತಿತ್ತು. ಅವ್ವ ನೀರನ್ನು ಬಟ್ಟೆಯಲ್ಲಿ ಸೋಸಿ ಹಂಡೆಗೆ ತುಂಬುವಳು. ರುಚಿ ಸ್ವಲ್ಪ ಒಗರು. ಆ ಒಗರು ಇಲ್ಲದಿದ್ದರೆ ನೀರು ಕುಡಿದ ಹಾಗೇ ಆಗುವುದಿಲ್ಲ ಅನ್ನುವಷ್ಟು ನಮಗೆ ರೂಢಿಯಾಗಿತ್ತು.

ಯಾರ್ಡು ಬಂದ ಮೇಲೆ ಟ್ಯಾಂಕರ್ ಬಂತು. ಕಾಲುವೆ ಊರು ದಾಟಿ ಊರಿನ ಹೊಲಸನ್ನೆಲ್ಲ ಕೂಡಿಸಿಕೊಂಡು ಹರಿಯುವ ಕಡೆ ಟ್ಯಾಂಕರಿನವರು ನೀರು ತುಂಬಿ, ಪಟಿಕ ಕದಡಿ, ಕೆಸರು ತಳಕ್ಕಿಳಿದ ಮೇಲೆ ತಂದು ಕೊಡುತ್ತಿದ್ದರು. ಗ್ಲಾಸಿನಲ್ಲಿ ಹಿಡಿದರೆ ಆಚೆಯ ಮನುಷ್ಯ ಕಾಣಬೇಕು, ಅಷ್ಟು ತಿಳಿ! ಎಲ್ಲವೂ ಕೆಂಪಾಗಿದ್ದ ಆ ಸೀಮೆಯಲ್ಲಿ ತಿಳಿ ಅಂದರೆ ಶುದ್ಧ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಜೊತೆಗೆ ಇನ್ನೊಂದು ಸಂಗತಿ. ನಮ್ಮ ಬಾವಿಯ ನೀರು ಮುಟ್ಟದ ಊರ ಜನ ಟ್ಯಾಂಕರಿನ ನೀರನ್ನು ನಮ್ಮ ಕೈಯಿಂದಲೇ ಇಸಿದುಕೊಂಡು ಕುಡಿಯುತ್ತಿದ್ದರು. ಮಷೀನಿನಿಂದ ಬಂದ ನೀರಿಗೆ ಜಾತಿ ಇಲ್ಲವಂತೆ. ಹಾಗಾಗಿ ಕೇರಿಯಲ್ಲಿ ಒಂದು ಪದ್ಧತಿಯೇ ಬಂದುಬಿಟ್ಟಿತು. ದೊಡ್ಡವರಿಗೆ, ಬಟ್ಟೆಗೆ, ಎಮ್ಮೆಗೆ ಬಾವಿಯ ನೀರು. ಬಂದ ನೆಂಟರಿಗೆ, ಹಾಲು ಬಿಟ್ಟ ಮಕ್ಕಳಿಗೆ ಸ್ಟೀಲ್ ಗ್ಲಾಸಿನಲ್ಲಿ ಟ್ಯಾಂಕರಿನ ನೀರು. ಮರ್ಯಾದೆಯ ನೀರು ಅದು.

ಆ ವರ್ಷ ಡ್ಯಾಂ ತುಂಬಿ ಕಾಲುವೆ ಬಿಟ್ಟ ಹೊಸತರಲ್ಲಿ ಕಂಪ್ಲಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅವ್ವ ಗ್ಲಾಸು ತಿಕ್ಕಿ ತಿಕ್ಕಿ ತೊಳೆದು ಮರ್ಯಾದೆಯ ನೀರು ಕೊಟ್ಟಳು. ಮೂರನೆಯ ದಿನಕ್ಕೆ ಸುದ್ದಿ ಬಂತು. ಗಂಡು, ಗಂಡಿನಪ್ಪ, ಸೋದರಮಾವ ಮೂವರಿಗೂ ವಾಂತಿ ಭೇದಿ, ಮೂವರಿಗೂ ಗ್ಲೂಕೋಸ್. "ನಿಮ್ಮ ಕೇರಿ ಕೆಂಪು ಬಾವಿ ನೀರು ನಮಗ ಆಗಂಗಿಲ್ಲ" ಅಂತ ಸಂಬಂಧ ಮುರಿದರು. ಆ ಹುಡುಗನನ್ನು ಕಟ್ಟಿಕೊಳ್ಳಲು ನನಗೇನೂ ಆತುರವಿರಲಿಲ್ಲ, ಅವನೂ ಬದುಕಿಕೊಂಡ, ನಾನೂ ಬದುಕಿಕೊಂಡೆ. ಆದರೆ ಕೆಟ್ಟ ಹೆಸರು ನಮ್ಮ ಬಾವಿಯ ತಲೆಗೆ ಬಿತ್ತು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅನ್ನುತ್ತಾರೆ. ಇಲ್ಲಿ ಮಾಡಿದವರ ಪಾಪ ಮಾಡದವರ ಬಾವಿಯಲ್ಲಿ!

ಮಳೆ ಹಿಡಿಯಿತು. ಕೇರಿಯಲ್ಲೂ ಕಾಯಿಲೆ ಶುರುವಾಯಿತು. ಮಕ್ಕಳೇ ಹೆಚ್ಚು. ಪಕ್ಕದ ಮನೆಯ ಕೂಸಿನ ಕಣ್ಣು ಗುಳಿ ಬಿದ್ದು, ಹೊಟ್ಟೆಯ ಚರ್ಮ ಹಿಡಿದೆಳೆದರೆ ಹಾಗೇ ನಿಲ್ಲುತ್ತಿತ್ತು. ಅದನ್ನು ಟಂಟಂ ಆಟೋದಲ್ಲಿ ಹೊಸಪೇಟೆಯ ದವಾಖಾನೆಗೆ ಒಯ್ದು ಉಳಿಸಿಕೊಂಡೆವು. ವಾಪಸು ಬಂದಾಗ ಯಾರ್ಡಿನ ಮ್ಯಾನೇಜರ್ ಶೇಖರಪ್ಪ ಬಾವಿಕಟ್ಟೆಯ ಹತ್ತಿರ ಜನ ಸೇರಿಸಿಕೊಂಡು ನಿಂತಿದ್ದ.

"ಇದು ವಿಷದ ಬಾವಿ. ನಿಮ್ಮ ಕಣ್ಣಿಗೇ ಕಾಣ್ತೈತಲ್ಲ, ರಕ್ತ ಆಗೈತಿ ನೀರು. ಪಂಚಾಯ್ತಿಯವರೂ ಹೂಂ ಅಂದಾರ. ನಮ್ಮ ಧಣಿ ತಮ್ಮ ಖರ್ಚಿನಾಗ ಮುಚ್ಚಸ್ತಾರ. ದಿನಾ ಟ್ಯಾಂಕರ್ ಕಳಸ್ತೀವಿ, ಇನ್ನೇನು ಬೇಕು ನಿಮಗ?"

ಧಣಿಯ ಧಾರಾಳತನ ನನಗೆ ಅರ್ಥವಾಗದೆ ಇರಲಿಲ್ಲ. ಲಾರಿಗಳು ತಿರುಗಿಕೊಳ್ಳಲು ಯಾರ್ಡಿಗೆ ಜಾಗ ಸಾಲುತ್ತಿರಲಿಲ್ಲ, ಅಡ್ಡ ಬಂದದ್ದು ನಮ್ಮ ಬಾವಿ. ಹಂಪಿಯಲ್ಲಿ ಒಣಗಿದ ಕಲ್ಲಿನ ಕೊಳ ನೋಡಲು ಜನ ವಿಮಾನ ಹತ್ತಿ ಬರುತ್ತಾರೆ. ನಮ್ಮಜ್ಜ ತೋಡಿದ, ಇನ್ನೂ ನೀರು ಕೊಡುವ ಬಾವಿಗೆ ಜೆಸಿಬಿ! ಬಾವಿ ಹೋದರೆ ನಾಳೆ ನಮ್ಮ ಗಂಟಲು ಟ್ಯಾಂಕರಿನವನ ಕೈಯಲ್ಲಿ. ಅವನು ಬಂದರೆ ನೀರು, ಬರದಿದ್ದರೆ ಇಲ್ಲ. ಇಷ್ಟು ತಿಳಿಯಲು ಎಂ.ಎಸ್ಸಿ. ಬೇಕಾಗಿರಲಿಲ್ಲ. ಅವ್ವನಿಗೂ ತಿಳಿದಿತ್ತು. ಆದರೆ ಮಕ್ಕಳು ಕಾಯಿಲೆ ಬಿದ್ದಿರುವಾಗ ಯಾವ ತಾಯಿ ಬಾವಿಯ ಪರ ವಾದ ಮಾಡುತ್ತಾಳೆ?

"ಪರೀಕ್ಷಾ ಮಾಡೋಣ್ರಿ. ಎರಡೂ ನೀರು, ಎಲ್ಲಾರ ಕಣ್ಣೆದುರಿಗೆ" ಅಂದೆ.

ಆಗ ಒಂದು ಸುಲಭದ ಬಾಟಲಿ ಸಿಗುತ್ತಿತ್ತು. ಒಳಗೆ ಔಷಧ ಹಚ್ಚಿದ ಕಾಗದದ ಪಟ್ಟಿ. ನೀರು ಹಾಕಿ ಒಂದೆರಡು ದಿನ ಇಟ್ಟರೆ, ಮಲದ ಹೊಲಸು ಬೆರೆತ ನೀರಾದರೆ ಕಪ್ಪಾಗುತ್ತದೆ. ಒಂದಕ್ಕೆ ಟ್ಯಾಂಕರಿನ ನೀರು, ಇನ್ನೊಂದಕ್ಕೆ ಬಾವಿಯ ನೀರು ಹಾಕಿ, ಬುದ್ಧನ ಫೋಟೊ ಇಟ್ಟಿದ್ದ ಸಮುದಾಯ ಭವನದ ಗೂಡಿನಲ್ಲಿ ಇಟ್ಟೆ. ಬೀಗ ಹಾಕಿ ಕೀಲಿಯನ್ನು ಶೇಖರಪ್ಪನ ಕೈಗೇ ಕೊಟ್ಟೆ. ಅಷ್ಟು ಧೈರ್ಯ ನನಗೆ.

ಬೀಗ ತೆಗೆದಾಗ ಎರಡೂ ಕಪ್ಪು. ಬಾವಿಯದು ಒಂದು ತೂಕ ಹೆಚ್ಚೇ ಕಪ್ಪು.

ಶೇಖರಪ್ಪ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. "ಟೀಚರಮ್ಮಾ, ನಿನ್ನ ಬಾಟ್ಲೀನ ಹೇಳೈತಿ ಬಿಡು. ಇನ್ನ ಶುಕ್ರವಾರ ಮುಚ್ಚಸ್ತೀವಿ" ಅಂದು ಜೀಪು ಹತ್ತಿದ. ಜನ ನನ್ನ ಮುಖ ನೋಡದೆ ಮನೆಗೆ ಹೋದರು. ಅವ್ವ ಒಬ್ಬಳೇ ನಿಂತಿದ್ದಳು.

"ಖರೇನಾ ಇದು?" ಅಂದಳು.

"ಗೊತ್ತಿಲ್ಲವ್ವ."

"ಗೊತ್ತಿಲ್ಲಂದ್ರ ಗೊತ್ತು ಮಾಡ್ಕೊಂಡು ಬಾ. ಓದ್ಸಿದ್ದು ಅದಕ್ಕಲ್ಲೇನು?"

ಮರುದಿನ ಬಾವಿಯ ಗೋಡೆಯ ಲೋಳೆಯನ್ನು ಒಂದು ಡಬ್ಬಿಯಲ್ಲಿ ಕೆರೆದುಕೊಂಡು ಕಾಲೇಜಿಗೆ ಒಯ್ದೆ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಹುಟ್ಟಿದಾಗಿನಿಂದ ಕುಡಿದದ್ದನ್ನು ಅವತ್ತು ಮೊದಲ ಸಲ ನೋಡಿದೆ. ಉದ್ದುದ್ದ ಕೊಳವೆಗಳು, ಕೊಳವೆಯೊಳಗೆ ಸಾಲಾಗಿ ಕೂತ ಕಡ್ಡಿಯಂಥ ಜೀವಿಗಳು, ಹೊರಗೆಲ್ಲ ತುಕ್ಕಿನ ಕವಚ. ಪಕ್ಕದಲ್ಲಿ ಜಡೆಗೆ ಕಟ್ಟುವ ರಿಬ್ಬನ್ನನ್ನು ತಿರುಚಿದಂಥ ಎಳೆಗಳು, ಅವೂ ತುಕ್ಕಿನವೇ. ಕಬ್ಬಿಣದ ಬ್ಯಾಕ್ಟೀರಿಯಾ! ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕು ಮಾಡುವುದೇ ಅವುಗಳ ಬದುಕು. ಆ ತುಕ್ಕಿನಲ್ಲೇ ಮನೆ ಕಟ್ಟಿಕೊಂಡು ಇರುತ್ತವೆ. ಪೈಪು ಕಟ್ಟಿಕೊಳ್ಳುವಂತೆ ಮಾಡುತ್ತವೆ, ಬಟ್ಟೆಗೆ ಕಲೆ ಮಾಡುತ್ತವೆ, ಮನುಷ್ಯನ ತಂಟೆಗೆ ಮಾತ್ರ ಬರುವುದಿಲ್ಲ.

ಹಾಗಾದರೆ ಬಾಟಲಿ ಕಪ್ಪಾದದ್ದು ಏಕೆ? ತಲೆ ಕೆರೆದುಕೊಂಡು ಕೂತೆ. ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಬಂದ ಕೊಳೆತ ಮೊಟ್ಟೆಯ ವಾಸನೆ ಉತ್ತರ ಹೇಳಿತು. ಲೋಳೆಯ ಮೇಲ್ಪದರದವು ಗಾಳಿಯನ್ನೆಲ್ಲ ಬಳಸಿಬಿಡುತ್ತವೆ. ಗಾಳಿ ತಾಗದ ಕೆಳಪದರದಲ್ಲಿ ಬೇರೆ ಒಂದು ಪಂಗಡ ಸಂಸಾರ ಹೂಡಿರುತ್ತದೆ. ಅವು ಗಂಧಕದ ಉಪ್ಪನ್ನು ಉಸಿರಾಡಿ ಈ ನಾರುವ ಗಾಳಿಯನ್ನು ಬಿಡುತ್ತವೆ. ಬಾಟಲಿ ಕಪ್ಪಾಗುವುದು ಆ ಗಾಳಿಗೆ. ಮಲದಿಂದ ಬಂದವು ಬಿಟ್ಟರೂ ಕಪ್ಪು, ನೆಲದಿಂದ ಬಂದವು ಬಿಟ್ಟರೂ ಕಪ್ಪು. ಬಾಟಲಿಗೆ ಇವನಾರು ಅವನಾರು ಅನ್ನುವುದು ತಿಳಿಯುವುದಿಲ್ಲ. ಮನುಷ್ಯರಿಗೂ ತಿಳಿಯುವುದಿಲ್ಲ. ಬ್ಯಾಕ್ಟೀರಿಯಾ ಅಂದರೆ ಸಾಕು, ಎಲ್ಲವೂ ರೋಗ, ಎಲ್ಲವೂ ಹೊಲಸು. ದುಂಡಗಿನವು, ಕಡ್ಡಿಯಂಥವು, ಸುರುಳಿಯಂಥವು, ಗಾಳಿ ಬೇಕೆನ್ನುವವು, ಗಾಳಿ ತಾಗಿದರೆ ಸಾಯುವವು, ಕಬ್ಬಿಣದಿಂದ ಬದುಕುವವು, ಹಾಲನ್ನು ಮೊಸರು ಮಾಡುವವು, ಇವುಗಳಲ್ಲಿ ನಮ್ಮನ್ನು ಕೊಲ್ಲುವವು ಎಷ್ಟು ಕಡಿಮೆ! ಆ ಕೆಲವರ ತಪ್ಪಿಗೆ ಇಡೀ ಕುಲಕ್ಕೆ ಕೆಟ್ಟ ಹೆಸರು. ಈ ನ್ಯಾಯ ನಮ್ಮ ಕೇರಿಯವರಿಗೆ ಹೊಸದೇನಲ್ಲ.

ಮಲದಿಂದ ಬರುವ ಪಂಗಡವನ್ನು ಬೇರೆ ಹಿಡಿಯಲು ಬೇರೆ ಪರೀಕ್ಷೆ ಇದೆ. ಹಾಲಿನ ಸಕ್ಕರೆ ಬೆರೆಸಿದ ನೇರಳೆ ಬಣ್ಣದ ರಸದಲ್ಲಿ ನೀರು ಹಾಕಿ, ಮೈ ಬಿಸಿಯಷ್ಟು ಕಾವಿನಲ್ಲಿ ಒಂದು ದಿನ ಇಡಬೇಕು. ಆ ಪಂಗಡವಿದ್ದರೆ ಸಕ್ಕರೆ ತಿಂದು ರಸವನ್ನು ಹಳದಿ ಮಾಡುತ್ತವೆ, ಗಾಳಿ ಬಿಡುತ್ತವೆ. ಆ ಗಾಳಿ ಒಳಗೆ ಬೋರಲು ಹಾಕಿದ ಪುಟ್ಟ ಕೊಳವೆಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ನಮ್ಮ ಲೋಳೆಯವರಿಗೆ ಈ ವಿದ್ಯೆ ಬರುವುದಿಲ್ಲ.

ಪ್ರಿನ್ಸಿಪಾಲರು ಲ್ಯಾಬ್ ಕೊಡಲಿಲ್ಲ. ಆಡಳಿತ ಮಂಡಳಿಯಲ್ಲಿದ್ದವರ ಲಾರಿಗಳೂ ಅದೇ ರಸ್ತೆಯಲ್ಲಿ ಓಡುತ್ತಿದ್ದವು. "ಸಿಲಬಸ್ ಬಿಟ್ಟು ಬ್ಯಾರೆ ಏನೂ ಮಾಡಂಗಿಲ್ಲ" ಅಂದರು. ನಮ್ಮ ವಿಭಾಗದ ಹಿರಿಯ ಮೇಡಂ ಕಪಾಟು ತೆಗೆದು, ಆ ರಸ ಮಾಡುವ ನೇರಳೆ ಪುಡಿಯ ಡಬ್ಬಿ ಮತ್ತು ಪುಟ್ಟ ಕೊಳವೆಗಳ ಪೊಟ್ಟಣ ನನ್ನ ಕೈಗಿಟ್ಟರು.

"ಅವಧಿ ಮುಗಿಯಾಕ ಬಂದೈತಿ ಇದು. ಒಯ್ದು ಎಲ್ಲ್ಯಾರ ಚೆಲ್ಲಿ ಬಾ ಗೌತಮಿ" ಅಂದರು.

ದವಾಖಾನೆಯ ಕಂಪೌಂಡರಿಂದ ಖಾಲಿ ಇಂಜೆಕ್ಷನ್ ಶೀಶೆಗಳನ್ನು ತಂದೆ. ಶೀಶೆಗೆ ರಸ ಹಾಕಿ, ಕೊಳವೆ ಬೋರಲು ಹಾಕಿ, ಪಕ್ಕದ ಮನೆಯ ಕುಕ್ಕರಿನಲ್ಲಿ ಬೇಯಿಸಿದೆ. ಬೆಂದಾಗ ಕೊಳವೆಯೊಳಗಿನ ಗಾಳಿಯೆಲ್ಲ ಹೋಗಿ ರಸ ತುಂಬಿಕೊಳ್ಳುತ್ತದೆ. ಎಲ್ಲ ಸರಿ, ಕಾವು? ವಾರವಿಡೀ ಜಡಿಮಳೆ, ಗಾಳಿ ತಣ್ಣಗೆ, ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದು ಇಡೀ ದಿನ ಮೈ ಬಿಸಿಯಷ್ಟು ಕಾವು ಎಲ್ಲಿಂದ ತರಲಿ ಎಂದು ಗೊಣಗುತ್ತಿದ್ದೆ.

"ಮೈ ಬಿಸಿ ಬೇಕಂದ್ರ ಮೈಗೇ ಕಟ್ಟು" ಅಂದಳು ಅವ್ವ.

ನಮ್ಮ ಕಡೆಯ ಹೆಂಗಸರ ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ ಇರುತ್ತದೆ, ಹೊಟ್ಟೆಗೆ ಒತ್ತಿಕೊಂಡು. ಅವ್ವ ತನ್ನ ಸಂಚಿಯನ್ನು ಕೊಡವಿ ಖಾಲಿ ಮಾಡಿದಳು. ಮನೆಮನೆಗೆ ಹೋಗಿ ಉಳಿದವರನ್ನೂ ಕರೆತಂದಳು. ಗುರುವಾರ ಮಧ್ಯಾಹ್ನ ಎಲ್ಲರ ಎದುರು ನೀರು ಹಾಕಿ, ಒಬ್ಬೊಬ್ಬರ ಸಂಚಿಗೆ ಎರಡೆರಡು ಶೀಶೆ ಇಳಿಬಿಟ್ಟೆ. ಬಿಳಿ ದಾರದ್ದು ಟ್ಯಾಂಕರಿನದು, ಕೆಂಪು ದಾರದ್ದು ಬಾವಿಯದು. ಒಂದು ಷರತ್ತು ಹೇಳಿದೆ. ಶೀಶೆ ಓರೆಯಾದರೆ ಹೊರಗಿನ ಗಾಳಿ ಕೊಳವೆಗೆ ನುಗ್ಗುತ್ತದೆ. ಆಗ ಗುಳ್ಳೆ ಯಾರದು ಅನ್ನುವುದು ತಿಳಿಯುವುದಿಲ್ಲ. ಅದಕ್ಕೆ ನಾಳೆ ಮಧ್ಯಾಹ್ನದವರೆಗೆ ಯಾರೂ ಬಗ್ಗಬಾರದು.

"ಬಗ್ಗಬಾರ್ದಾ?" ಅಂದಳು ಮುದುಕಿ ದುರುಗವ್ವ. "ಏ ತಂಗಿ, ಬಗ್ಗದ ಇದ್ದದ್ದು ನನಗ ನೆನಪ ಇಲ್ಲ." ಎಲ್ಲರೂ ನಕ್ಕರು.

ಹೀಗೆ, ಹುಟ್ಟಿದಾಗಿನಿಂದ ಬಗ್ಗಿ ದುಡಿದ ಹೆಂಗಸರು ನೆಟ್ಟಗೆ ಬೆನ್ನು ಮಾಡಿ ಕೂತರು. ರಾತ್ರಿ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡಿದರು. ಬೆಳಿಗ್ಗೆ ಮುದ್ದೆ ಮುರಿದು ಬಾಯಿಗಿಟ್ಟದ್ದು ಅವರ ಗಂಡಂದಿರು, ಗೊಣಗುತ್ತ. ಮಳೆ ನಿಂತು ಹೊರಪಾಗಿತ್ತು. ಎಲ್ಲರೂ ಬಂದು ಬಾವಿಕಟ್ಟೆಯ ಸುತ್ತ ಸಾಲಾಗಿ ಕೂತರು. ಯಾರ್ಡಿನಲ್ಲಿ ಲಾರಿಗಳು ನಿಂತವು. ಕಲ್ಲು ಆರಿಸುವವರಿಲ್ಲದೆ ಲೋಡು ಆಗುತ್ತದೆಯೇ?

ಅಷ್ಟರಲ್ಲಿ ಶೇಖರಪ್ಪನ ಜೀಪು, ಅದರ ಹಿಂದೆ ಜೆಸಿಬಿ ಬಂತು.

"ಯಾಕ, ಕೆಲ್ಸಕ್ಕ ಬರಂಗಿಲ್ಲೇನು? ಏಳ್ರಿ, ಏಳ್ರಿ ಜಲ್ದಿ!"

"ಬಗ್ಗಂಗಿಲ್ಲರಿ" ಅಂದಳು ಅವ್ವ.

"ಏನಂದಿ?"

"ಮಗಳು ಬಗ್ಗಬ್ಯಾಡ ಅಂದಾಳ. ಸೊಂಟದಾಗ ನಿಮ್ಮ ನೀರು ಐತಿ, ನಮ್ಮ ನೀರೂ ಐತಿ. ಮಧ್ಯಾಹ್ನಕ್ಕ ಹೊರಗ ತಗೀತಾಳಂತ. ಅಲ್ಲೀತನ ಕುಂದ್ರಿ ನೀವೂ."

ಶೇಖರಪ್ಪ ಡ್ರೈವರನ ಕಡೆ ಕೈ ಬೀಸಿದ. ಡ್ರೈವರ್ ಕುರೆಕುಪ್ಪದ ಖಾಜಾ ಸಾಬಿ. ಅವನು ಎಂಜಿನ್ ಆಫ್ ಮಾಡಿ ಕೆಳಗಿಳಿದ. "ಹೆಣ್ಮಕ್ಳು ಕುಂತಾರ್ರಿ. ಬಕೆಟ್ ಇಳಸಂಗಿಲ್ಲ ನಾ. ಬೇಕಾದ್ರ ಚಾವಿ ತಗೋರಿ, ನೀವ ಹತ್ತರಿ" ಅಂದ. ಶೇಖರಪ್ಪನಿಗೆ ಜೆಸಿಬಿ ಹತ್ತಲು ಬರುತ್ತಿರಲಿಲ್ಲ. ಕಾದ.

ಮಧ್ಯಾಹ್ನ ಮೊದಲು ಅವ್ವನ ಸಂಚಿಗೆ ಕೈ ಹಾಕಿದೆ. ಬಿಳಿ ದಾರದ್ದು ಹಳದಿ, ಕೊಳವೆಯ ನೆತ್ತಿಯಲ್ಲಿ ಗುಳ್ಳೆ. ಕೆಂಪು ದಾರದ್ದು ನೇರಳೆ, ಹಾಕಿದಾಗ ಹೇಗಿತ್ತೋ ಹಾಗೆ. ಎರಡನೆಯವಳದೂ ಹಾಗೇ. ಮೂರನೆಯವಳದೂ ಹಾಗೇ. ಜನ ಒತ್ತಿಕೊಂಡು ಬಂದರು, ಹೋ ಅಂದರು. ದುರುಗವ್ವನ ಸರದಿ ಬಂತು. ಅವಳ ಕೆಂಪು ದಾರದ ಶೀಶೆಯೂ ಹಳದಿಯಾಗಿತ್ತು, ಒಳಗೊಂದು ಸಾಸಿವೆಯಷ್ಟು ಗುಳ್ಳೆ. ಅದನ್ನು ಉಳಿದವುಗಳಿಗಿಂತ ಎತ್ತರಕ್ಕೆ ಹಿಡಿದೆ, ಯಾರೂ ಆಮೇಲೆ ಕಳ್ಳಿ ಅನ್ನಬಾರದು.

"ಬಾವ್ಯಾಗೂ ಐತಲ್ಲ!" ಅಂತ ಶೇಖರಪ್ಪ ಮುಂದೆ ನುಗ್ಗಿದ.

"ಐತ್ರಿ. ಮ್ಯಾಲ ಮುಚ್ಚಳ ಇಲ್ಲದ ಬಾವಿ, ಮನಿಗೊಂದು ಕೊಡಾ ಇಳೀತಾವ. ಬ್ಲೀಚಿಂಗ್ ಪುಡಿ ಹಾಕ್ತೀವಿ, ಇನ್ಮ್ಯಾಲ ಒಂದ ಕೊಡಾ ಇಳಸ್ತೀವಿ, ಕುಡಿಯೋದು ಕಾಸಿ ಕುಡೀತೀವಿ. ನಮ್ಮ ಹೊಲಸು ನಾವು ತೊಳಕೊಂತೀವಿ. ನಿಮ್ಮ ಬಿಳಿ ದಾರದಾಗ ಒಂದಾರ ನೇರಳೆ ಉಳದೈತೇನು, ತೋರಸ್ರಿ ನೋಡೋಣ."

ಅವನು ಎಲ್ಲ ಶೀಶೆಗಳ ಮೇಲೂ ಕಣ್ಣಾಡಿಸಿದ. ಒಂದೂ ಉಳಿದಿರಲಿಲ್ಲ. "ಇದೆಲ್ಲಾ ಹೆಂಗಸರ ಆಟ" ಅಂದ. ಅವ್ವ ಮನೆಯೊಳಗಿಂದ ಸ್ಟೀಲ್ ಗ್ಲಾಸಿನಲ್ಲಿ ಮರ್ಯಾದೆಯ ನೀರು ತರಿಸಿ ಅವನ ಮುಂದೆ ಹಿಡಿದಳು. "ಆಟ ಅಂದ್ರ ಕುಡೀರಿ ಹಂಗಾರ. ನಿಮ್ಮದ ನೀರು, ಭಾಳ ತಿಳಿ ಐತಿ." ಅವನ ಕೈ ಮೇಲೇಳಲಿಲ್ಲ. ಪಕ್ಕದ ಮನೆಯ ಕೂಸಿನ ತಾಯಿ ಅದನ್ನು ನೋಡುತ್ತಿದ್ದಳು. ಅವಳು ಆಡಿದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ, ಆದರೆ ಒಂದೂ ಹೆಚ್ಚಾಗಿರಲಿಲ್ಲ.

ಖಾಜಾ ಸಾಬಿ ಬೊಗಸೆ ಒಡ್ಡಿ, "ನನಗ ಬಾವೀದ ಹಾಕವ್ವ" ಅಂದು ಅವ್ವನ ಕೈಯಿಂದ ಹೊಟ್ಟೆ ತುಂಬ ಕುಡಿದ. ಬಾಯಿ ಒರೆಸಿಕೊಂಡು ಗಾಡಿ ಹತ್ತಿ ಹಿಂದಕ್ಕೆ ತಿರುಗಿಸಿದ.

ಬಾವಿ ಉಳಿಯಿತು. ಧಣಿ ಲಾರಿ ತಿರುಗಿಸಲು ಬೇರೆ ಕಡೆ ಜಾಗ ಹುಡುಕಿಕೊಂಡ. ನನ್ನ ಕೆಲಸ ಮಾತ್ರ ಆ ತಿಂಗಳ ಕೊನೆಗೆ ಹೋಯಿತು. ಸಿಲಬಸ್ ಬಿಟ್ಟು ನಡೆದೆನಂತೆ. ಹೋದರೆ ಹೋಗಲಿ. ಆಮೇಲೆ ನೀರು ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡಾಯಿತು, ಇವತ್ತಿಗೂ ಅದೇ. ಯಾರಾದರೂ ಮ್ಯಾನೇಜರು ರಿಪೋರ್ಟನ್ನು ಕೊಂಚ ತಿದ್ದಿ ಕೊಡಿ ಅಂದಾಗ ನನಗೆ ನಗು ಬರುತ್ತದೆ. ನಾನು ಎಂಥವರ ಪಕ್ಕ ನಿಂತು ಈ ಕೆಲಸ ಕಲಿತೆ ಅನ್ನುವುದು ಅವರಿಗೇನು ಗೊತ್ತು!

ಆ ಮಧ್ಯಾಹ್ನ ಜೀಪೂ ಹೋದ ಮೇಲೆ ನಾನು ಶೀಶೆಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ ಬಂದು ನೋಡಿದರೆ, ಹೆಂಗಸರು ಇನ್ನೂ ಬಾವಿಕಟ್ಟೆಯ ಸುತ್ತ ಹಾಗೇ ಕೂತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು. ಯಾರ್ಡಿನಿಂದ ಲಾರಿಯವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರು.

"ಮುಗೀತವ್ವ" ಅಂದೆ. "ಇನ್ನ ಬಗ್ಗಬಹುದು."

ಅವ್ವ ಖಾಲಿ ಸಂಚಿಗೆ ಎಲೆ ಅಡಿಕೆ ತುಂಬಿಕೊಳ್ಳುತ್ತ ಯಾರ್ಡಿನ ಕಡೆ ನೋಡಿದಳು.

"ಇವತ್ತ ಬ್ಯಾಡ ಬಿಡು" ಅಂದಳು.